ಹಕಾರವಿಲ್ಲದ ಹೇನು

ಜವರಯ್ಯನ ಆ ದಿನದ ಗ್ರಹಚಾರಕ್ಕೆಲ್ಲ ಕಾರಣ ಉದ್ದಿನಕಾಳಿಗಿಂತ ಚಿಕ್ಕದೊಂದು ಹುಳ. ತೊಂಬತ್ತಾರನೇ ಇಸವಿಯಲ್ಲಿ ಸಿಂಧಘಟ್ಟದಲ್ಲಿ ಮೊದಲು ಮೀನಿನ ಹೊಂಡ ತೋಡಿಸಿದವನು ಅವನು. ಸಂತೆಯಲ್ಲಿ ಯಾರೋ ಗುರುತಿಲ್ಲದವನಿಂದ ಅಗ್ಗಕ್ಕೆ ಮರಿ ತಂದು ಬಿಟ್ಟಿದ್ದ. ಮೀನುಗಳು ನೆಗೆನೆಗೆದು ಕಲ್ಲಿಗೆ ಮೈ ಉಜ್ಜುವುದನ್ನು ಬಂದವರಿಗೆಲ್ಲ ತೋರಿಸಿ, “ನೋಡಿ, ಎಂಗ್ ಕುಣೀತಾವೆ!” ಎಂದು ಬೀಗುತ್ತಿದ್ದ.

ಆ ಬೆಳಿಗ್ಗೆ ಒಂದು ಮೀನು ಸತ್ತು ತೇಲಿತು. ಎತ್ತಿ ನೋಡಿದರೆ ಮೈತುಂಬ ಚಪ್ಪಟೆ ಹುಳಗಳು. ಥೇಟ್ ಹೇನು.

ಜವರಯ್ಯನಿಗೆ ಥಟ್ಟನೆ ನೆನಪಾದವನು ಮರಿಸ್ವಾಮಿ. ಊರ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವನದು. ಚಿಕ್ಕಂದಿನಿಂದ ಜವರಯ್ಯನಿಗೆ ಅಣ್ಣನ ಹಾಗೆ ಇದ್ದವನು. ಮೂರು ದಿನದ ಹಿಂದೆ, “ನಿನ್ ಒಂಡಕ್ಕೆ ನನ್ ಮುಯ್ಯಿ ಕಣ್ಲಾ” ಎಂದು ಕೆರೆಯ ಮೀನೊಂದನ್ನು ಉಡುಗೊರೆಯಾಗಿ ಬಿಂದಿಗೆಯಲ್ಲಿ ತಂದು ಬಿಟ್ಟಿದ್ದ.

ಜವರಯ್ಯ ಸತ್ತ ಮೀನು ಹಿಡಿದುಕೊಂಡು ಅವನ ಜಗಲಿಗೇ ಹೋದ.

“ನಿನ್ ಮೀನು ಏನು ತಂದ್ಬುಡ್ತಲ್ಲಣ್ಣ!”

“ಏನ್ ತಂತ್ಲಾ?”

“ಏನೇ ತಂತು!”

“ಅದೇ ಕಣ್ಲಾ ನಾ ಕೇಳ್ತಿರದು. ಏನ್ ತಂತು?”

“ತಲೇಲಿ ಅರಿದಾಡ್ತದಲ್ಲಾ, ಆ ಏನು!”

ಮರಿಸ್ವಾಮಿಯ ಮುಖ ಸಣ್ಣದಾಯಿತು. “ನಮ್ ಕೆರೆ ಮೀನ್ಗೆ ಏನು ಇಲ್ಲ ಕಣ್ಲಾ.”

“ಏನು ತುಂಬಿದ್ ಕೆರೆ ನಿಂದು! ಇನ್ನೊಂದ್ಸತಿ ನಮ್ ಒಸ್ಲು ತುಳೀಬ್ಯಾಡ!”

ಮರಿಸ್ವಾಮಿ ಎದ್ದು ಒಳಗೆ ಹೋದ. ತಿರುಗಿ ಬಯ್ದಿದ್ದರೆ ಚೆನ್ನಾಗಿತ್ತು.

“ಅಣ್ಣನಂತೋರ್ಗೆ ಇಂಗಾ ಮಾತಾಡದು?” ಎಂದು ಮನೆಯಲ್ಲಿ ತನ್ನ ಹೆಂಡತಿ ಕುಳ್ಳಮ್ಮ ಗೊಣಗುತ್ತಿದ್ದಂತೆಯೇ ಜವರಯ್ಯ ಸತ್ತ ಮೀನನ್ನು ಬಕೆಟ್ಟಿಗೆ ಹಾಕಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದ. ವಾಸನೆಗೆ ಅಕ್ಕಪಕ್ಕದವರು ಎದ್ದು ಹೋಗಿ, ಮೂವರ ಸೀಟು ಅವನೊಬ್ಬನಿಗೇ ಸಿಕ್ಕಿತು.

ಮೀನುಗಾರಿಕೆ ಸಾಹೇಬರು ಕರಾವಳಿ ಕಡೆಯವರು.

“ಮೀನಿಗೆ ಏನಾಗಿದೆ?”

“ಏನಾಗದೆ ಸಾ.”

“ಅದೇ, ಏನಾಗಿದೆ?”

“ಅದೇ ಸಾ, ಏನೇ ಆಗದೆ!”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲಲ್ಲಿದ್ದ ಜವಾನ ಚಿಕ್ಕಮಾದಯ್ಯನೇ ಅಡ್ಡ ಬಂದ. “ಸಾರ್, ಅವ್ರು ಯೋಳ್ತಿರದು ಹೇನು. ಹಕಾರವ ಊರಲ್ಲೇ ಬುಟ್ಬಂದವ್ರೆ.”

ಸಾಹೇಬರು ನಕ್ಕು, ಸಂತೆಯ ಮರಿ, ಕೆರೆಯ ಮೀನಿನ ಕತೆಯನ್ನೆಲ್ಲ ಕೇಳಿಕೊಂಡು, ಮೀನನ್ನು ತಿರುಗಿಸಿ ನೋಡಿದರು. “ಕೆರೆ ಮೀನು ಬಿಟ್ಟು ಎಷ್ಟು ದಿನ ಆಯ್ತು?”

“ಮೂರು ದಿನ ಸಾ.”

“ಹೇನು ಕಡಿದು ಇವು ನೆಗೆದು ಮೈ ಉಜ್ಜಲಿಕ್ಕೆ ಶುರು ಮಾಡಿ?”

ಜವರಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. “ಎಲ್ಡು ತಿಂಗ್ಳು.”

“ಹಾಗಾದ್ರೆ ಇದು ನೀವು ತಂದ ಮರಿಗಳ ಜೊತೆ ಬಂದದ್ದು. ಪಾಪ, ಆ ಕೆರೆ ಮೀನೇ ನಿಮ್ಮಲ್ಲಿಗೆ ಬಂದು ಹೇನು ಹತ್ತಿಸಿಕೊಂಡಿರ್ತದೆ. ಹೊಂಡಕ್ಕೆ ಔಷಧ ಬರೆದು ಕೊಡ್ತೇನೆ, ವಾಸಿಯಾಗ್ತದೆ. ಆದ್ರೆ ನಿಮ್ಮ ಒಂದೇ ಒಂದು ಮೀನೂ ಕೆರೆಗೆ ಹೋಗ್ಬಾರ್ದು. ಅಷ್ಟು ದೊಡ್ಡ ಕೆರೆಗೆ ಯಾವ ಔಷಧ ಹಾಕ್ತೀರಿ?”

ವಾಪಸು ಬಸ್ಸಿನಲ್ಲಿ ಜವರಯ್ಯನಿಗೆ ಮರಿಸ್ವಾಮಿಯ ಸಣ್ಣಗಾದ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಕೊಟ್ಟ ಮುಯ್ಯಿಗೆ ಎಂಥ ಮರ್ಯಾದೆ ಮಾಡಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡ. “ತಪ್ಪಾಯ್ತು ಕಣಣ್ಣ” ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡ.

ಮನೆಗೆ ಬಂದರೆ ಮರಿಸ್ವಾಮಿ ಅವನ ಜಗಲಿಯ ಮೇಲೇ ಕೂತು ಕಾಫಿ ಕುಡಿಯುತ್ತಿದ್ದಾನೆ!

“ನೀವ್ ಆಡಿದ್ ಮಾತ್ಗೆ ನಾನೇ ಓಗಿ ತಪ್ಪಾಯ್ತು ಅಂದೆ,” ಎಂದಳು ಕುಳ್ಳಮ್ಮ. “ಬರಿಗೈಲಿ ಓಗಾಕಾಯ್ತದಾ? ಮುಯ್ಯಿಗೆ ಮುಯ್ಯಿ ಅಂತ ಒಂಡದಿಂದ ನಾಕು ಮೀನ ಬಿಂದ್ಗೇಲಿ ಒಯ್ದೆ. ಸಪ್ಪಗಿದ್ದವ ಬುಟ್ಟು, ಜೋರಾಗಿ ಕುಣೀತಿದ್ದವ್ನೇ ಆರಿಸ್ದೆ. ಅಣ್ಣ ಆಗ್ಲೇ ಕೆರೆಗೆ ಬುಟ್ರು.”

ಜವರಯ್ಯ ಕೈಯಲ್ಲಿದ್ದ ಔಷಧದ ಚೀಟಿಯನ್ನು ಮಡಿಸಿ ಜೇಬಿಗೆ ತುರುಕಿಕೊಂಡ.

“ಬಾರ್ಲಾ, ಕೋಪ ಎಲ್ಲಾ ಬುಟ್ಬುಡು,” ಎಂದು ಮರಿಸ್ವಾಮಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. “ತಂಗಿ ಕೊಟ್ಟ ಮೀನು ಕೆರೇಲೂ ಎಂಗ್ ಕುಣೀತಾವೆ ಗೊತ್ತಾ? ಅದಿರ್ಲಿ, ಸಾಯೇಬ್ರು ಏನಂದ್ರು?”

ಜವರಯ್ಯ ಅವನು ಬಿಟ್ಟುಕೊಟ್ಟ ಜಾಗದಲ್ಲಿ ಕೂತ. ಮರಿಸ್ವಾಮಿ ನಗುತ್ತಲೇ ಇದ್ದ.

“ಏನಿಲ್ಲ ಕಣಣ್ಣ,” ಎಂದ ಜವರಯ್ಯ.

ಹಕಾರ ಸೇರಿಸಿ ಕೇಳಿದರೂ, ಬಿಟ್ಟು ಕೇಳಿದರೂ ಅದು ಸುಳ್ಳೇ ಆಗಿತ್ತು.