ಡ್ರೈವರ್ ಬಸ್ಸು ನಿಲ್ಲಿಸಿದ್ದೇಕೆ?

ಕಳೆದ ನವೆಂಬರಿನ ಒಂದು ಮಳೆಯ ದಿನ ಏಳನೇ ನಂಬರ್ ಬಸ್ಸಿನ ಡ್ರೈವರ್ ಮೆಂಗ್ ಫಾಗೆನ್ ನಮ್ಮ ಶಿಚಿಯಾವ್ ಪಟ್ಟಣದ ಹಳೇ ಸೇತುವೆಯ ತುದಿಯಲ್ಲಿ, ಸ್ಟಾಪೇ ಇಲ್ಲದ ಕಡೆ, ಬಸ್ಸು ನಿಲ್ಲಿಸಿದ್ದು ಒಂದಕ್ಕೆ ಹೋಗಲು. ಬೇರೆ ಯಾವ ಘನ ಉದ್ದೇಶವೂ ಅವನಿಗಿರಲಿಲ್ಲ. ಬೆಳಗಿನಿಂದ ಎರಡು ಜಾಡಿ ಚಹಾ ಕುಡಿದಿದ್ದ. ಹೊರಗೆ ಸುರಿಯುತ್ತಿದ್ದ ಮಳೆಯ ಸದ್ದು ಬೇರೆ ಜೀವ ಹಿಂಡುತ್ತಿತ್ತು. ಬಾಗಿಲು ತೆರೆದು ಇಳಿದು, ಬಿದಿರುಮೆಳೆಯ ಮರೆಗೆ ಓಡಿ, ಹಗುರಾಗಿ ವಾಪಸು ಬಂದು ನೋಡುತ್ತಾನೆ: ಬುಟ್ಟಿ ತುಂಬ ಬಾತುಮೊಟ್ಟೆ ಹಿಡಿದ ಮುದುಕಿಯೊಬ್ಬಳು ನೆನೆದು ತೊಪ್ಪೆಯಾಗಿ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ತನಗೋಸ್ಕರ ಮಳೆಯಲ್ಲಿ ಇಳಿದು ಹುಡುಕಿದ ಪುಣ್ಯಾತ್ಮ ಎಂದು ಅವಳು ಕಣ್ಣೊರೆಸಿಕೊಂಡಳು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವವರ ಮುಂದೆ ನಿಂತು ಒಂದಕ್ಕೆ ಹೋಗಿದ್ದೆ ಎಂದು ಹೇಳುವುದು ಹೇಗೆ? ಮೆಂಗ್ ತಲೆ ತಗ್ಗಿಸಿ ಗಾಡಿ ಬಿಟ್ಟ. ತಲೆ ತಗ್ಗಿಸಿದ್ದನ್ನೂ ಜನ ವಿನಯ ಎಂದುಕೊಂಡರು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿ ಮಗಳು ಯೂಲಿನಳನ್ನು ಬಿದ್ದು ಬಿದ್ದು ನಗಿಸಿದ್ದ. ಸಂಗತಿ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವತ್ತು ಬಸ್ಸಿನ ಮೂರನೇ ಸಾಲಿನಲ್ಲಿ, ಮಡಿಲಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಟ್ಟುಕೊಂಡು, ಹಿರಿಯ ಪ್ರೌಢಶಾಲೆಯ ಇಂಗ್ಲಿಷ್ ಟೀಚರ್ ಫಾಂಗ್ ಮೇಡಂ ಕೂತಿದ್ದರು.

ಫಾಂಗ್ ಮೇಡಂ ಸಾಮಾನ್ಯದವರಲ್ಲ. ಇಪ್ಪತ್ತೆಂಟು ವರ್ಷದಿಂದ ಬಸ್ಸಿನಲ್ಲೇ ಪೇಪರು ತಿದ್ದುತ್ತ ಬಂದವರು. ಗಾಡಿ ಎಷ್ಟು ಕುಲುಕಿದರೂ ಅವರ ಕೆಂಪು ಗೆರೆ ಒಂದು ಕೂದಲೆಳೆ ಸೊಟ್ಟಗಾಗದು. ಅಚ್ಚಾದ ಅಭ್ಯಾಸ ಪುಸ್ತಕಗಳಲ್ಲಿ ಬರುವ ಪರದೇಶದ ಟಾಮ್, ಅವನ ನಾಯಿ, ಅವನ ರಜೆ ಇವೆಲ್ಲ ನಮ್ಮ ಮಕ್ಕಳಿಗೇಕೆ ಎಂದು ಊರಿನ ಸಂಗತಿಗಳನ್ನೇ ಇಂಗ್ಲಿಷಿನಲ್ಲಿ ಬರೆದು ಪಾಠ ಮಾಡುತ್ತಿದ್ದರು. ಒಂದು ಪುಟದ ಪಾಠ, ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಸರಿಯಾದದ್ದಕ್ಕೆ ಗೆರೆ ಹಾಕಿದರೆ ಎರಡೂವರೆ ಅಂಕ. ವಿಶ್ವವಿದ್ಯಾಲಯ ಸೇರಲು ಬರೆಯುವ ಜೂನ್ ತಿಂಗಳ ದೊಡ್ಡ ಪರೀಕ್ಷೆಗೆ ಎರಡೇ ತಿಂಗಳಿದೆ ಎನ್ನುವಾಗ ನಡೆದ ಅಣಕು ಪರೀಕ್ಷೆಯಲ್ಲಿ ಮೇಡಂ ಕೊಟ್ಟ ಪಾಠದ ಹೆಸರು ‘ಮಳೆಯಲ್ಲೊಬ್ಬ ಡ್ರೈವರ್’.

ಸೋಮವಾರ ಬೆಳಗ್ಗೆ ಮೆಂಗ್ ಅಂಗಳದ ಬಾಗಿಲಲ್ಲಿ ನಿಂತು ಖಾರದ ಎಣ್ಣೆ ಹಾಕಿದ ಅಕ್ಕಿ ಶಾವಿಗೆ ಹೀರುತ್ತಿದ್ದಾಗ ನಾಲ್ಕನೇ ಮಹಡಿಯಿಂದ ದಿಂಗ್ ಅಕ್ಕನ ಕೂಗು ಕೇಳಿತು. ದಿಂಗ್ ಅಕ್ಕನಿಗೆ ಒಂದು ವಿಷಯ ಗೊತ್ತಾದರೆ ನಗರಸಭೆಯ ಮೈಕು ಬೇಕಾಗಿಲ್ಲ. ಅವಳ ಮೊಮ್ಮಗನೂ ಅದೇ ಶಾಲೆಯವನು. ಅವನ ಪ್ರಶ್ನೆಪತ್ರಿಕೆಯನ್ನು ಬಾವುಟದಂತೆ ಬೀಸುತ್ತ ಇಳಿದು ಬಂದಳು.

“ಮೆಂಗ್, ನೀನು ಇಂಗ್ಲಿಷಿನಲ್ಲಿ ಬಂದಿದೀಯ ಕಣೋ! ನಮ್ಮ ವಂಶದಲ್ಲಿ ಯಾರೂ ಚೀನೀಲೂ ಬಂದಿಲ್ಲ.”

ಅರ್ಧ ಗಂಟೆಯಲ್ಲಿ ಇಡೀ ವಠಾರ ಸೇರಿತು. ಇಂಗ್ಲಿಷ್ ಬಾರದವರೂ ಕನ್ನಡಕ ಹಾಕಿಕೊಂಡು ಪಾಠ ನೋಡಿ ತಲೆದೂಗಿದರು. ಅಷ್ಟರಲ್ಲಿ ಸುದ್ದಿ ಡಿಪೋಗೂ ಮುಟ್ಟಿ, ಬಸ್ ಕಂಪನಿಯ ಉಪವ್ಯವಸ್ಥಾಪಕ ಕೊಂಗ್ ಸಾಹೇಬರ ಸಂದೇಶ ಎಲ್ಲ ಡ್ರೈವರುಗಳ ಫೋನಿಗೂ ಬಂತು: ಮಾದರಿ ಡ್ರೈವರ್ ಮೆಂಗ್ ಫಾಗೆನ್‌ಗೆ ಇಂದು ಮಧ್ಯಾಹ್ನ ಶಾಲೆಯಲ್ಲೇ ರೇಷ್ಮೆ ಪತಾಕೆಯ ಗೌರವ; ನಾಳೆಯಿಂದ ಅವನಿಗೆ ಹೊಸ ಎಲೆಕ್ಟ್ರಿಕ್ ಬಸ್ಸು.

ಮೆಂಗ್ ಸಂದೇಶವನ್ನು ಎರಡು ಸಲ ಓದಿದ. ಅವನ ಹಳೇ ಏಳನೇ ನಂಬರು ಹೊರಟರೆ ಹಾರನ್ ಒಂದು ಬಿಟ್ಟು ಮಿಕ್ಕೆಲ್ಲ ಸದ್ದು ಮಾಡುತ್ತಿತ್ತು. ಹೊಸ ಬಸ್ಸಿನ ಸೀಟು ಸೋಫಾದಂತಿದೆ, ಬೆನ್ನು ಹಿಡಿಯುವುದಿಲ್ಲ ಎಂದು ಕೇಳಿದ್ದ. ಪುಣ್ಯ ತಾನಾಗಿ ಬಂದು ಮಡಿಲಿಗೆ ಬಿದ್ದರೆ ಒಲ್ಲೆನೆನ್ನಬಾರದು ಎಂದುಕೊಂಡು, ಸಂತೋಷ ಹಂಚಿಕೊಳ್ಳಲು ಮಗಳತ್ತ ತಿರುಗಿದ.

ಯೂಲಿನ್ ಮೆಟ್ಟಿಲ ಮೇಲೆ ಬ್ಯಾಗು ತಬ್ಬಿಕೊಂಡು ಸುಮ್ಮನೆ ನಿಂತಿದ್ದಳು. ಅಣಕು ಪರೀಕ್ಷೆಯ ಅಂಕ ಬಂದಿತ್ತು. ಆರುನೂರ ಹನ್ನೆರಡು ಬಂದವರಿಗೆ ರಾಕೆಟ್ ಕ್ಲಾಸು. ಆ ತರಗತಿಗೆ ಸೇರಿದವರು ನೆಟ್ಟಗೆ ದೊಡ್ಡ ವಿಶ್ವವಿದ್ಯಾಲಯಕ್ಕೇ ಹಾರುತ್ತಾರೆ ಎಂಬುದು ಊರಿನ ನಂಬಿಕೆ. ಯೂಲಿನಳಿಗೆ ಬಂದಿದ್ದು ಆರುನೂರ ಹತ್ತು. ಮೂರು ವರ್ಷದಿಂದ ಆ ಹುಡುಗಿ ಹಲ್ಲುಜ್ಜುವಾಗ ಕನ್ನಡಿಗೆ ಇಂಗ್ಲಿಷ್ ಪದಗಳ ಚೀಟಿ ಅಂಟಿಸಿಕೊಂಡು ಓದಿದವಳು. ತಾಯಿ ದೂರದ ಗುವಾಂಗ್‌ಡಾಂಗಿನ ಚಪ್ಪಲಿ ಕಾರ್ಖಾನೆಯಲ್ಲಿ ದುಡಿಯುತ್ತ ವರ್ಷಕ್ಕೊಮ್ಮೆ ವಸಂತದ ಹಬ್ಬಕ್ಕೆ ಮಾತ್ರ ಮನೆಗೆ ಬರುವುದೂ ಈ ಓದಿಗಾಗಿಯೇ.

“ಎಲ್ಲಿ ಹೋಯ್ತು ಆ ಎರಡು ಅಂಕ?”

“ನಿನ್ನ ಪ್ರಶ್ನೇಲಿ ಅಪ್ಪ. ‘ಡ್ರೈವರ್ ಬಸ್ಸು ನಿಲ್ಲಿಸಿದ್ದೇಕೆ?’ ಎ, ಮುದುಕಿಗೆ ಸಹಾಯ ಮಾಡೋಕೆ. ಬಿ, ಬಸ್ಸು ಕೆಟ್ಟಿತ್ತು. ಸಿ, ಅವನಿಗೆ ದಣಿವಾಗಿತ್ತು. ಡಿ, ಅವನಿಗೆ ಏನೋ ಸ್ವಂತ ಕೆಲಸ ಇತ್ತು.”

“ನೀನು?”

“ಡಿ. ಓದ್ತಿದ್ದ ಹಾಗೇ ನೀನೇ ಅಂತ ಗೊತ್ತಾಯ್ತು. ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೀಲಾ?”

ಮೆಂಗನ ಬಾಯಲ್ಲಿದ್ದ ಶಾವಿಗೆ ಅಲ್ಲೇ ನಿಂತಿತು. ಮಗಳ ಮೇಲೆ ಹೆಮ್ಮೆಯೂ ಬಂತು, ಇಂಥ ಹೆಮ್ಮೆ ಯಾವ ವೈರಿಗೂ ಬೇಡ ಎಂದೂ ಅನ್ನಿಸಿತು. ನಿಜ ಹೇಳಿದರೆ ಹೊಸ ಬಸ್ಸು ಹೋಗುತ್ತದೆ, ಹೇಳದಿದ್ದರೆ ರಾಕೆಟ್ ಹೋಗುತ್ತದೆ. ಬಿಸಿತುಪ್ಪ ಬಾಯಿಗಿಟ್ಟುಕೊಂಡವನ ಹಾಗೆ ಬೆಳಗಿನ ನಾಲ್ಕು ಟ್ರಿಪ್ಪು ಹೊಡೆದ. ಬಸ್ಸು ಹತ್ತಿದವರೆಲ್ಲ ಅವನ ಬೆನ್ನು ತಟ್ಟಿದರು. ಒಬ್ಬ ಅಜ್ಜನಂತೂ ಸೇತುವೆ ಬಂದ ಕೂಡಲೇ ಎದ್ದು ನಿಂತು, ಇದೇ ಜಾಗ, ಇದೇ ಜಾಗ ಎಂದು ಎಲ್ಲರಿಗೂ ಬಿದಿರುಮೆಳೆ ತೋರಿಸಿದ. ಮೆಂಗ್ ಆ ಕಡೆ ನೋಡಲಿಲ್ಲ. ಆದರೆ ಐದನೇ ಟ್ರಿಪ್ಪಿಗೆ ಅವನ ಮನಸ್ಸು ಗಟ್ಟಿಯಾಗಿತ್ತು. ಸೀಟು ಮೆತ್ತಗಿದ್ದರೆಷ್ಟು ಬಿಟ್ಟರೆಷ್ಟು, ಬೆನ್ನು ತನ್ನದು. ಮಗಳ ಬಾಳು ಮಗಳದು.

ಮಧ್ಯಾಹ್ನ ಶಾಲೆಯ ಅಧ್ಯಾಪಕರ ಕೋಣೆಗೆ ಹೋದರೆ ಕೊಂಗ್ ಸಾಹೇಬರು ಆಗಲೇ ಪತಾಕೆ ಬಿಚ್ಚಿ ಹಿಡಿದಿದ್ದರು. ಕೆಂಪು ರೇಷ್ಮೆಯ ಮೇಲೆ ಚಿನ್ನದ ಅಕ್ಷರ: ‘ಮಳೆಯಲ್ಲೂ ಬೆಚ್ಚನೆಯ ಮನಸು’. ಫೋಟೋ ತೆಗೆಯಲು ದಿಂಗ್ ಅಕ್ಕನೂ ಬಂದಿದ್ದಳು. ಅವಳನ್ನು ಯಾರು ಕರೆದರೋ ಆ ದೇವರಿಗೇ ಗೊತ್ತು. ಮೆಂಗ್ ಪತಾಕೆಯ ಕಡೆ ಕಣ್ಣೆತ್ತದೆ ನೇರ ಮೇಡಂ ಮೇಜಿನ ಮುಂದೆ ನಿಂತ.

“ಮೇಡಂ, ಆ ಪ್ರಶ್ನೆಗೆ ಸರಿ ಉತ್ತರ ಡಿ. ಡಿ ಬರೆದ ಮಕ್ಕಳಿಗೆ ಅನ್ಯಾಯ ಆಗ್ಬಾರ್ದು. ನಾನು ಅವತ್ತು ಬಸ್ಸು ನಿಲ್ಲಿಸಿದ್ದು ಒಂದಕ್ಕೆ ಹೋಗೋಕೆ.”

ಮೊದಲು ಬಾಯಿಬಿಟ್ಟವರು ಕೊಂಗ್ ಸಾಹೇಬರು. ಪತಾಕೆಯನ್ನು ಚಾಪೆಯಂತೆ ಸುತ್ತುತ್ತ, ಒಂದಕ್ಕೆ ಹೋದವನಿಗೆಲ್ಲ ರೇಷ್ಮೆ ಹೊದಿಸಿದರೆ ನಾಳೆ ನಮ್ಮ ಡಿಪೋದವರೆಲ್ಲ ಸೇತುವೆ ಮೇಲೆ ಸಾಲಾಗಿ ನಿಲ್ತಾರೆ ಎಂದರು. ಸ್ಟಾಪಿಲ್ಲದ ಕಡೆ ಗಾಡಿ ನಿಲ್ಲಿಸಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕು, ಹೊಸ ಬಸ್ಸಿನ ಆಸೆ ಬಿಡಬೇಕು ಎಂದು ಹೇಳಿ ಹೊರಟೇಹೋದರು.

ಫಾಂಗ್ ಮೇಡಂ ಮಾತ್ರ ಕನ್ನಡಕ ತೆಗೆದು ಅವನನ್ನೇ ನೋಡುತ್ತಿದ್ದರು. ಕಣ್ಣು ತೇವವಾಗಿತ್ತು. ನಗು ತಡೆದಿದ್ದಕ್ಕೋ, ಮನಸ್ಸು ಕರಗಿದ್ದಕ್ಕೋ ಮೆಂಗನಿಗೆ ತಿಳಿಯಲಿಲ್ಲ. ಪರೀಕ್ಷೆ ಬರೆದ ಎಂಟುನೂರು ಮಕ್ಕಳಲ್ಲಿ ಡಿ ಬರೆದವಳು ಒಬ್ಬಳೇ ಎಂದು ಅವರು ಮೆಲ್ಲಗೆ ಹೇಳಿದರು. ಯಾರೆಂದು ಹೇಳಲಿಲ್ಲ, ಇವನೂ ಕೇಳಲಿಲ್ಲ.

“ಆದ್ರೆ ಅಂಕ ಬದಲಾಯಿಸೋಕೆ ಆಗಲ್ಲ ಮೆಂಗ್ ಅವರೇ. ಪ್ರಶ್ನೆ ಇರೋದು ‘ಪಾಠದ ಪ್ರಕಾರ’ ಅಂತ. ಲೋಕದಲ್ಲಿ ಏನು ನಡೀತು ಅಂತ ಅಲ್ಲ, ಹಾಳೇಲಿ ಏನಿದೆ ಅಂತ. ಹಾಳೇಲಿರೋ ಡ್ರೈವರ್‌ಗೆ ಒಂದಕ್ಕೆ ಬಂದೇ ಇಲ್ಲ.”

ಮೆಂಗನ ಮುಖ ಬಾಡಿದ್ದನ್ನು ಕಂಡು ಮೇಡಂ ಒಂದು ಸಮಾಧಾನದ ಮಾತು ಹೇಳಿದರು. ರಾಕೆಟ್ ಕ್ಲಾಸಿನಲ್ಲಿ ಇನ್ನೂ ಎರಡು ಸೀಟು ಉಳಿದಿವೆ. ಒಂದೆರಡು ಅಂಕದಲ್ಲಿ ತಪ್ಪಿಸಿಕೊಂಡ ಐದು ಮಕ್ಕಳಿಗೆ ಇವತ್ತೇ ಸಂಜೆ ಇನ್ನೊಂದು ಪಾಠ ಕೊಡುತ್ತೇವೆ. ನಾಲ್ಕು ಪ್ರಶ್ನೆ, ನಾಲ್ಕೂ ಸರಿ ಮಾಡಿದವರಿಗೆ ಸೀಟು.

ಹೊರಗೆ ದಿಂಗ್ ಅಕ್ಕ ಕಾದಿದ್ದಳು. “ಒಂದಕ್ಕೆ ಹೋಗಿ ಎರಡೂವರೆ ಕಳಕೊಂಡವನು ನಿನ್ನನ್ನೇ ಕಂಡೆ ನೋಡು,” ಎಂದು ಬೈದು, ಈ ಸುದ್ದಿ ತಣ್ಣಗಾಗುವ ಮೊದಲೇ ವಠಾರ ಸೇರಬೇಕೆಂದು ದಾಪುಗಾಲು ಹಾಕಿದಳು.

ಮೆಂಗ್ ಮಗಳನ್ನು ಹುಡುಕಿ ಹಿಡಿದ. ಮಕ್ಕಳೆಲ್ಲ ಮೇಜಿನ ಮೇಲೆ ತಲೆಯಿಟ್ಟು ಮಧ್ಯಾಹ್ನದ ನಿದ್ದೆಯಲ್ಲಿದ್ದರೆ ಇವಳೊಬ್ಬಳು ಕಾರಿಡಾರಿನಲ್ಲಿ ನಿಂತು ಪದಗಳ ಚೀಟಿ ತಿರುವುತ್ತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಒಂದು ಗದರಿಕೆಯ ಮಾತೂ ಆಡದವನು ಅವತ್ತು ಬೆರಳೆತ್ತಿ ಹೇಳಿದ.

“ಕೇಳಿಲ್ಲಿ. ಪಾಠದ ಪ್ರಕಾರ. ಲೋಕ ಮುಳುಗಿಹೋಗ್ಲಿ, ನೀನು ಹಾಳೆ ನೋಡು. ಹಾಳೇಲಿ ಕಾಗೆ ಬಿಳಿ ಅಂತಿದ್ರೆ ಬಿಳಿ.”

“ಆಯ್ತು ಅಪ್ಪ,” ಎಂದಳು ಯೂಲಿನ್. ಹೊಸ ಬಸ್ಸಿನ ವಿಷಯ ಅವಳು ಕೇಳಲಿಲ್ಲ, ಆದರೆ ಅವಳಿಗೆ ಆಗಲೇ ತಿಳಿದಿತ್ತು. ದಿಂಗ್ ಅಕ್ಕ ಆ ದಾರಿಯಲ್ಲೇ ಹೋಗಿದ್ದಳಲ್ಲ.

ಸಂಜೆ ಐದೂವರೆಗೆ ಶಾಲೆಯ ಗೇಟಿನ ಮುಂದೆ ಎಂದಿನಂತೆ ಅಪ್ಪ ಅಮ್ಮಂದಿರ ಸಾಲು, ಪ್ರತಿಯೊಬ್ಬರ ಕೈಯಲ್ಲೂ ಊಟದ ಡಬ್ಬಿ. ಮೆಂಗ್ ಮೆಣಸಿನಕಾಯಿ ಹಾಕಿ ಹುರಿದ ಹೊಗೆಮಾಂಸ, ಟೊಮೇಟೊ ಮೊಟ್ಟೆ, ಅನ್ನ ತಂದಿದ್ದ. ನಿಂತು ನಿಂತು ಸಾಕಾಗಿ, ಕಳವಳಕ್ಕೆ ಅವತ್ತಿನ ಮೂರನೇ ಜಾಡಿ ಚಹಾ ಖಾಲಿ ಮಾಡಿದ್ದ. ಐದು ಮಕ್ಕಳು ಕೈಯಲ್ಲಿ ತಿದ್ದಿದ ಹಾಳೆ ಹಿಡಿದು ಹೊರಬಂದರು. ಇಬ್ಬರು ಕುಣಿಯುತ್ತಿದ್ದರು. ಯೂಲಿನ್ ಕುಣಿಯುತ್ತಿರಲಿಲ್ಲ.

“ಎಷ್ಟು?”

“ಮೂರು ಸರಿ. ಒಂದು ಹೋಯ್ತು.”

“ಯಾವುದು?”

ಅವಳು ಹಾಳೆ ಮುಂದೆ ಹಿಡಿದಳು. ಫಾಂಗ್ ಮೇಡಂ ಅವತ್ತು ಮಧ್ಯಾಹ್ನ ನಿದ್ದೆ ಮಾಡಿರಲಿಲ್ಲ. ಮನಸ್ಸು ತುಂಬಿ ಬಂದು ಒಂದೇ ಉಸಿರಿನಲ್ಲಿ ಹೊಸ ಪಾಠ ಬರೆದಿದ್ದರು. ಪಾಠದ ಹೆಸರು ‘ಪತಾಕೆ ಬೇಡವೆಂದ ಡ್ರೈವರ್’. ಸಲ್ಲದ ಹೊಗಳಿಕೆಯನ್ನು ಎಲ್ಲರ ಮುಂದೆ ಬಿಟ್ಟುಕೊಟ್ಟ ಬಡ ಡ್ರೈವರೊಬ್ಬನನ್ನು ಮೇಡಂ ಅದರಲ್ಲಿ ಅಟ್ಟಕ್ಕೇರಿಸಿದ್ದರು. ಮಗಳ ಸುದ್ದಿಯನ್ನು, ಹುಡುಗಿಗೆ ಮುಜುಗರವಾಗಬಾರದೆಂದು, ಎತ್ತಿರಲೇ ಇಲ್ಲ. ಕೊನೆಯ ಪ್ರಶ್ನೆಯನ್ನು ಯೂಲಿನ್ ಬೆರಳಿಟ್ಟು ಓದಿ ಹೇಳಿದಳು.

“‘ಪಾಠದ ಪ್ರಕಾರ, ಡ್ರೈವರ್ ನಿಜ ಹೇಳಿದ್ದೇಕೆ?’ ಎ, ಸಾಹೇಬರಿಗೆ ಹೆದರಿ. ಬಿ, ತನ್ನವರಿಗೆ ಒಂದು ಉಪಕಾರ ಆಗ್ಲಿ ಅಂತ. ಸಿ, ಅವನು ಪ್ರಾಮಾಣಿಕ ಮನುಷ್ಯ. ಡಿ, ಪತಾಕೆಯ ಬಣ್ಣ ಹಿಡಿಸ್ಲಿಲ್ಲ.”

“ಸಿ ತಾನೆ? ಹಾಳೇಲಿ ಹಾಗೇ ಇದೆಯಲ್ಲ?”

“ಇದೆ. ಹಾಳೆ ತುಂಬ ಅದೇ ಇದೆ.”

“ಮತ್ತೆ?”

“ಬಿ ಬರೆದೆ,” ಎಂದಳು ಯೂಲಿನ್. “ಸಿ ಅಂತ ಬರೆಯೋಕೆ ಹೋದೆ ಅಪ್ಪ, ಕೈ ಬರ್ಲಿಲ್ಲ. ನೀನು ಯಾರಿಗೋಸ್ಕರ ಬಸ್ಸು ಬಿಟ್ಕೊಟ್ಟೆ ಅಂತ ನನಗೆ ಗೊತ್ತಿಲ್ವಾ?”

ಮೆಂಗನಿಗೆ ಬೈಯಬೇಕೆನಿಸಿತು, ಬೈಗುಳ ನೆನಪಾಗಲಿಲ್ಲ. ಇಂಥ ಮಗಳನ್ನು ಪಡೆದ ಅಪ್ಪ ಈ ಪಟ್ಟಣದಲ್ಲಿ ತಾನೊಬ್ಬನೇ ಎಂದು ಎದೆ ಉಬ್ಬಿ, ಕಣ್ಣು ಮಂಜಾಯಿತು. ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗಿತ್ತು, ಬಿಸಿಯಿರುವಾಗಲೇ ತಿನ್ನು ಎಂದ. ಅವಳು ಕಟ್ಟೆಯ ಮೇಲೆ ಕೂತು ತಿನ್ನತೊಡಗಿದಳು. ಇವನು ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿದ. ಮೇಡಂ ಹತ್ತಿರ ಇನ್ನೊಮ್ಮೆ ಹೋಗಿ ನಿಜ ಹೇಳಿಬಿಡುವುದೇ ಸರಿ: ನಾನು ಪ್ರಾಮಾಣಿಕನೂ ಅಲ್ಲ, ಮಣ್ಣೂ ಅಲ್ಲ, ಮಗಳ ಅಂಕಕ್ಕಾಗಿ ಹೇಳಿದ್ದು ಎಂದು.

ಐದನೇ ಹೆಜ್ಜೆಗೆ ಕಾಲು ನಿಂತಿತು. ಹಾಗೆ ಹೋಗಿ ಒಪ್ಪಿಕೊಂಡರೆ ಮೇಡಂ ಇನ್ನೊಮ್ಮೆ ಕನ್ನಡಕ ತೆಗೆಯುತ್ತಾರೆ. ಇಂಥ ಪ್ರಾಮಾಣಿಕನನ್ನು ನೋಡೇ ಇಲ್ಲ ಎನ್ನುತ್ತಾರೆ. ಸಿ ಇನ್ನಷ್ಟು ಗಟ್ಟಿಯಾಗುತ್ತದೆ. ಸುಮ್ಮನಿದ್ದರೆ ಹೇಗೂ ಸಿ ಸರಿ. ಅಷ್ಟೇ ಅಲ್ಲ, ಹೇಳಿದರೆ ನಾಳೆ ಬೆಳಗ್ಗೆ ಅದೂ ಮೂರನೇ ಪಾಠವಾಗಿ ಬರುತ್ತದೆ.

“ಏನ್ ಮೆಂಗಣ್ಣ, ಮತ್ತೆ ಮೇಡಂನ ನೋಡ್ಬೇಕಾ?” ಎಂದು ಗೇಟಿನ ಕಾವಲುಗಾರ ಎದ್ದು ನಿಂತು ಕೇಳಿದ. ಮಧ್ಯಾಹ್ನದ ಕತೆ ಅವನ ಕಿವಿಗೂ ಬಿದ್ದಿತ್ತು.

“ಇಲ್ಲಪ್ಪ. ಒಂದಕ್ಕೆ ಹೋಗ್ಬೇಕು.”

ಮೂರನೇ ಜಾಡಿಯ ಚಹಾ ಅವಸರ ಮಾಡುತ್ತಿತ್ತು. ಅದು ಅಕ್ಷರಶಃ ನಿಜವಾಗಿತ್ತು. ಆದರೆ ಕಾವಲುಗಾರ ಕಣ್ಣು ಮಿಟುಕಿಸಿ ನಕ್ಕ.

“ಬಿಡಣ್ಣ, ನನ್ನ ಹತ್ರಾನೂ ಅದೇ ಹೇಳ್ತೀಯಲ್ಲ. ಅವತ್ತು ಮುದುಕಿಗೋಸ್ಕರ ನಿಲ್ಲಿಸಿ, ಹೊಗಳಿಕೆ ಬೇಡ ಅಂತ ಒಂದಕ್ಕೆ ಅಂದೆ. ಊರಿಗೇ ಗೊತ್ತು ನಿನ್ನ ದೊಡ್ಡ ಮನಸ್ಸು,” ಎಂದು ಕೈ ಹಿಡಿದು ಕುಲುಕಿದ, ಕುಲುಕುತ್ತಲೇ ಇದ್ದ, ಬಿಡಲೇ ಇಲ್ಲ.