ಕುರಮೋಚಿಯ ‘ಆಯ್ತು ಬಿಡಿ’

ಎಲ್ಲಕ್ಕೂ ಮೂಲ ಮಿನೊಕಾವಾ ಕಾರಿನ ಮಳಿಗೆಯಿಂದ ಬಂದ ಒಂದು ಫೋನು. “ಭಾನುವಾರ ಹೊಸ ಕಾರಿನ ಮುಸುಕು ತೆಗೀತೀವಿ. ಹಳೇ ಅಭಿಮಾನಿಗಳ ಎದೆ ಕುಣಿಯೋ ಅಂಥದ್ದು.”

ಕುರಮೋಚಿಯ ಎದೆ ಅಂದಿನಿಂದಲೇ ಕುಣಿಯತೊಡಗಿತು. ಯೌವನದಲ್ಲಿ ಕೊಂಡ ಅವನ ಕೆಂಪು ಮಿನೊಕಾವಾ ನೆಲಕ್ಕೆ ಅಂಟಿಕೊಂಡೇ ಹಾರುತ್ತಿತ್ತು. ಅಂಥದ್ದನ್ನು ಹೆತ್ತ ಕಂಪನಿ ಈಗ ವರ್ಷಕ್ಕೊಂದು ಬೂದು ಡಬ್ಬ ಹೆತ್ತು, ಪ್ರತಿ ಡಬ್ಬಕ್ಕೂ ಒಂದೊಂದು ಹೂವಿನ ಹೆಸರಿಡುತ್ತಿತ್ತು. ಈ ಸಲ ಹಾಗಾಗುವುದಿಲ್ಲ ಎಂದು ನಂಬಿ, ಕ್ಷೌರ ಮಾಡಿಸಿಕೊಂಡು, ಹೆಂಡತಿ ಮಿಸಾವೊಳನ್ನು ಕೆಂಪು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಪಕ್ಕದ ಮನೆಯ ನೊಗಾಮಿ ಕರೆಯದಿದ್ದರೂ ಸೈಕಲ್ ತುಳಿಯುತ್ತ ಹಿಂದೆಯೇ ಬಂದ.

ಮುಸುಕು ಸರಿಯಿತು. ಮತ್ತದೇ ಡಬ್ಬ. ಹೆಸರು ಸೇವಂತಿ.

“ತೋಫು ಗಡ್ಡೆಗೆ ಚಕ್ರ ಹಾಕಿದ್ದಾರಲ್ರೀ,” ಎಂದ ನೊಗಾಮಿ, ಗಾಜಿನಾಚೆ ನಿಂತ ಕೆಂಪು ಕಾರನ್ನೇ ನೋಡುತ್ತ.

“ಬಾಗಿಲು ತಾನೇ ಜಾರುತ್ತೆ ನೋಡ್ರೀ. ನಿಮ್ಮ ಕಾರಿಂದ ಏಳೋಕೆ ನನಗೆ ಕ್ರೇನ್ ಬೇಕು,” ಎಂದಳು ಮಿಸಾವೊ.

ಕುರಮೋಚಿಗೆ ಅಳುವೇ ಬಂತು. ಅಷ್ಟರಲ್ಲಿ ಮಾರಾಟದ ಹುಡುಗ ಸೊಮೆಯಾ ಚಹಾ ಹಿಡಿದು ಬಂದು, ಮಂಡಿಯೂರಿ ಕೇಳಿದ: “ಕುರಮೋಚಿ ಸಾನ್, ಸೇವಂತಿ ನಿಮಗೇ ಅಂತ ಬರೆದುಕೊಳ್ಳಲಾ?”

ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದು ನಮ್ಮ ಊರಿನಲ್ಲಿ ಯಾರಿಗೂ ಬಾರದು. “ಆಯ್ತು ಬಿಡಿ,” ಎಂದ ಕುರಮೋಚಿ.

“ಹಳೇ ಕಾರು ನಾವೇ ತಗೊಳ್ಳೋದಾ?”

“ಅಯ್ಯೋ, ಆಯ್ತು ಬಿಡಿ.”

ಬಿಟ್ಟುಬಿಡಿ ಎಂದು ಅವನ ಅರ್ಥ. ಒಪ್ಪಿದೆ ಎಂದು ಸೊಮೆಯಾನ ಅರ್ಥ. ಮಿಸಾವೊ ಗಂಡನ ಜೇಬಿನಿಂದ ಕೀಲಿ ತೆಗೆದು ಕೊಟ್ಟೇಬಿಟ್ಟಳು. ಸಿಬ್ಬಂದಿ ಚಪ್ಪಾಳೆ ತಟ್ಟಿತು. ಮೂಲೆಯಲ್ಲಿ ನೊಗಾಮಿ ಸೊಮೆಯಾನ ಕಿವಿಯಲ್ಲಿ ಏನೋ ಉಸುರಿದ.

“ಹಳೇ ಕಾರು ನೊಗಾಮಿ ಸಾನ್‌ಗೆ ಬೇಕಂತೆ. ನಿಮ್ಮ ಬೀದಿಯಲ್ಲೇ ಇರುತ್ತೆ, ಎಂಥ ಭಾಗ್ಯ,” ಎಂದ ಸೊಮೆಯಾ.

“ಹಲ್ಲಿ ಥರ ಇದೆ ಅಂತ ಆಡಿಕೊಳ್ತಿದ್ದವನು ನೀನೇ ಅಲ್ವೇನಯ್ಯಾ?” ಕುರಮೋಚಿ ಎದ್ದೇ ನಿಂತ. ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಹೊರಬಂತು. “ಸೊಮೆಯಾ ಸಾನ್, ನಾನು ಬೇಡ ಅಂದದ್ದು. ನನ್ನ ‘ಆಯ್ತು ಬಿಡಿ’ ಅಂದ್ರೆ ಬೇಡ. ನಿಮ್ಮ ಡಬ್ಬನೂ ಬೇಡ, ನಿಮ್ಮ ಸೇವಂತಿನೂ ಬೇಡ.”

ಸೊಮೆಯಾ ಸೊಂಟ ಮುರಿಯುವಂತೆ ಬಾಗಿದ. “ದೊಡ್ಡ ತಪ್ಪಾಯ್ತು. ನಿಮ್ಮ ‘ಆಯ್ತು ಬಿಡಿ’ ಅಂದ್ರೆ ಬೇಡ. ಸಾಯೋವರೆಗೂ ಮರೆಯಲ್ಲ.”

ಕುರಮೋಚಿಯ ಹೃದಯ ಹಗುರವಾಯಿತು. ಇಷ್ಟು ಒಳ್ಳೆಯ ಹುಡುಗನ ಮೇಲೆ ರೇಗಿದೆನಲ್ಲ ಎಂದು ನಾಚಿಕೆಯೂ ಆಯಿತು.

ಸೊಮೆಯಾ ಕೀಲಿ ಎತ್ತಿ ಹಿಡಿದ. “ಹಾಗಾದ್ರೆ ಸೇವಂತಿ ರದ್ದು ಮಾಡಿ, ಕೆಂಪು ಕಾರು ನಿಮಗೇ ವಾಪಸ್ ಕೊಡಲಾ?”

ಸಂತೋಷಕ್ಕೆ ಕುರಮೋಚಿ ಕಣ್ಣೊರೆಸಿಕೊಳ್ಳುತ್ತ ಅಂದ: “ಆಯ್ತು ಬಿಡಿ, ಆಯ್ತು ಬಿಡಿ.”

“ಅರ್ಥವಾಯ್ತು,” ಎಂದ ಸೊಮೆಯಾ, ಈ ಸಲ ತಪ್ಪದೆ. ಕೀಲಿಯನ್ನು ನೊಗಾಮಿಯ ಕೈಗಿಟ್ಟ.

ನೊಗಾಮಿ ತಡಮಾಡಲಿಲ್ಲ. ಕುರಮೋಚಿ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಕೆಂಪು ಕಾರು ಗುಡುಗುತ್ತ ಹೊರಟಿತ್ತು. ಗಿರಾಕಿ ಕಣ್ಮರೆಯಾಗುವವರೆಗೆ ಬಾಗಿ ನಿಲ್ಲುವ ಪದ್ಧತಿಯಂತೆ ಸಿಬ್ಬಂದಿಯೆಲ್ಲ ಸಾಲಾಗಿ ಬಾಗಿತು. ಸಾಲಿನ ತುದಿಯಲ್ಲಿ ನಿಂತ ಕುರಮೋಚಿಯ ಬೆನ್ನೂ ಅಭ್ಯಾಸಬಲದಿಂದ ತಾನೇ ಬಾಗಿತು.

ತಲೆಯೆತ್ತಿದಾಗ ರಸ್ತೆಯಲ್ಲಿ ನೊಗಾಮಿಯ ಸೈಕಲ್ ಒಂದೇ ನಿಂತಿತ್ತು.