ದೇವರಿಗೆ ಈಸ್, ಟೀಚರಮ್ಮನಿಗೆ ಆರ್

ಸಿಂಗಾಪುರದ (ವಿಮಾನ ಹತ್ತಿ ಹೋಗುವುದಲ್ಲ, ವಿದ್ಯಾರಣ್ಯಪುರದ ಪಕ್ಕದ್ದು) ಮುನಿಕೃಷ್ಣಪ್ಪನವರಿಗೆ ಅರವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯುವ ಹುಮ್ಮಸ್ಸು ಬಂತು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ಶಿಕ್ಷಕಿ ಮರಿಯಮ್ಮನವರ ಮಗಳಿಗೆ ಚರ್ಚಿನಲ್ಲಿ ಮದುವೆ. ಗಂಡಿನ ಕಡೆಯವರು ಗೋವಾದವರು, ಕನ್ನಡ ಬಾರದು. ಹೋದ ವರ್ಷ ಮುನಿಕೃಷ್ಣಪ್ಪನವರ ಹೆಂಡತಿ ಲಕ್ಕಮ್ಮ ಡೆಂಗ್ಯೂ ಜ್ವರದಲ್ಲಿ ಮಲಗಿದಾಗ ಹೊತ್ತುಹೊತ್ತಿಗೆ ಗಂಜಿ ಕುಡಿಸಿ ಉಳಿಸಿಕೊಂಡವರು ಈ ಮರಿಯಮ್ಮ. ಆ ಉಪಕಾರಕ್ಕೆ ಅವರ ಬೀಗರ ಎದುರಿಗೇ, ಬೀಗರಿಗೆ ತಿಳಿಯುವ ಭಾಷೆಯಲ್ಲೇ ಎರಡು ಒಳ್ಳೆಯ ಮಾತಾಡಬೇಕೆಂದು ಮುನಿಕೃಷ್ಣಪ್ಪನವರ ಆಸೆ.

ಪಾಠಕ್ಕೂ ಮರಿಯಮ್ಮನವರೇ ಗತಿ. (ಹೊಗಳಿಸಿಕೊಳ್ಳುವವರೇ ಹೊಗಳಿಕೆ ಕಲಿಸಿದ್ದು ಯಾವ ಪುರಾಣದಲ್ಲೂ ಇಲ್ಲ. ಕಾರಣ ಮಾತ್ರ ಅವರಿಗೆ ಹೇಳಿರಲಿಲ್ಲ.) ಚರ್ಚಿನ ಸಂಡೇ ಸ್ಕೂಲಿನಲ್ಲಿ ಪಳಗಿದ ಅವರ ವ್ಯಾಕರಣದಲ್ಲಿ ರಾಮ ಹಣ್ಣು ತಿನ್ನುತ್ತಿರಲಿಲ್ಲ, ಕಳೆದುಹೋದ ಕುರಿ ಸಿಗುತ್ತಿತ್ತು, ದೇವದೂತರು ಹಾಡುತ್ತಿದ್ದರು.

“ಒಬ್ಬರಿದ್ರೆ ಈಸ್, ತುಂಬಾ ಜನ ಇದ್ರೆ ಆರ್. ಏಂಜಲ್ಸ್ ಆರ್ ಸಿಂಗಿಂಗ್. ಈಗ ನೀವು ಹೇಳಿ ಅಣ್ಣಾ, ದೇವರು ಒಳ್ಳೆಯವರು.”

“ಗಾಡ್ ಆರ್ ಗುಡ್.”

“ದೇವರು ಒಬ್ಬರೇ ಅಲ್ವಾ? ಗಾಡ್ ಈಸ್ ಗುಡ್.”

“ದೇವ್ರಿಗೇ ಏಕವಚನವಾ ಟೀಚರಮ್ಮ? ನಾಲಿಗೆ ಬಿದ್ದೋದಾತು.”

“ಇಂಗ್ಲಿಷಲ್ಲಿ ಅಷ್ಟೇ ಅಣ್ಣಾ. ದೇವರೇನೂ ಬೇಜಾರ್ ಮಾಡ್ಕೊಳಲ್ಲ.”

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಲಕ್ಕಮ್ಮ ಕಿವಿ ನಿಮಿರಿಸಿದರು. ಅದನ್ನು ಗಮನಿಸದೆ ಹೋದದ್ದು ಮುನಿಕೃಷ್ಣಪ್ಪನವರ ಗ್ರಹಚಾರ. ಅವರು ಹಾಲು ತರುವಾಗಲೂ ಹಲ್ಲುಜ್ಜುವಾಗಲೂ ‘ಗಾಡ್ ಈಸ್ ಗುಡ್’ ಎಂದು ಜಪಿಸಿ, ಪ್ರತಿ ಸಲವೂ ತಪ್ಪಾಯ್ತೆಂದು ಕೆನ್ನೆ ತಟ್ಟಿಕೊಳ್ಳುತ್ತಿದ್ದರು.

ಮದುವೆಯ ದಿನ ಊಟಕ್ಕೆ ಮುಂಚೆ ಮೈಕು ಕೈಗೆ ಬಂತು. ಮರಿಯಮ್ಮನವರು ಬೀಗರ ನಡುವೆ ಎದುರಿಗೇ ಕೂತಿದ್ದರು.

“ಗಾಡ್ ಈಸ್ ಗುಡ್,” ಎಂದರು ಮುನಿಕೃಷ್ಣಪ್ಪನವರು, ಒಂದಿಷ್ಟೂ ತಪ್ಪಿಲ್ಲದೆ. ಮುಂದಿನದು ‘ಮರಿಯಮ್ಮ ಈಸ್ ಗುಡ್’. ಆದರೆ ಗಂಜಿ ಕುಡಿಸಿದ ತಾಯಿಗೆ ತುಂಬಿದ ಸಭೆಯಲ್ಲಿ ಏಕವಚನ ಹಾಕಲು ನಾಲಿಗೆ ಏಳಲೇ ಇಲ್ಲ.

“ಮರಿಯಮ್ಮ… ಆರ್ ಗುಡ್. ವೆರಿ ವೆರಿ ಆರ್.”

ಸಭೆಗೆ ಸಭೆಯೇ ನಕ್ಕಿತು. ಪಕ್ಕದಲ್ಲಿದ್ದ ಫಾದರ್, “ದೇವರಿಗಿಂತ ಒಂದು ಮೆಟ್ಲು ಮೇಲೇ ಕೂರಿಸಿಬಿಟ್ರಲ್ಲ ಯಜಮಾನ್ರೇ,” ಎಂದರು. ಮುನಿಕೃಷ್ಣಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮರಿಯಮ್ಮನವರು ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

“ವ್ಯಾಕರಣ ತಪ್ಪು ಅಣ್ಣಾ. ಆದ್ರೆ ಇದೊಂದನ್ನ ನಾನು ತಿದ್ದಲ್ಲ.”

ಸಂಜೆ ಮನೆಯಲ್ಲಿ ಹೆಂಡತಿಯ ಮೆಚ್ಚುಗೆಗೆ ಕಾದು ಮುನಿಕೃಷ್ಣಪ್ಪನವರು ಗತ್ತಿನಿಂದ ಕೂತಿದ್ದರು. ಅಡುಗೆಮನೆಯಿಂದ ದನಿ ಬಂತು.

“ಲೋ ಮುನಿಕೃಷ್ಣಪ್ಪ, ಉಣ್ಣಾಕೆ ಬಾರೋ.”

“ಏನೇ ಇದು? ಕಟ್ಕೊಂಡ ಗಂಡನ್ನ ಇಂಗಾ ಕರೆಯಾದು?”

“ದೇವ್ರಿಗೇ ಈಸ್ ಅಂದ್ಮೇಲೆ ನಿಂಗ್ಯಾಕೆ ಆರ್? ನೀನೂ ಒಬ್ನೇ ಅಲ್ವಾ? ಬಿರ್ನೆ ಬಾ, ಮುದ್ದೆ ಆರ್ತೈತೆ.”

“ಮುದ್ದೆಗೂ ಆರ್, ನಂಗೆ ಮಾತ್ರ ಈಸಾ?”

ಒಳಗೆ ಲಕ್ಕಮ್ಮನವರು ಬಿದ್ದು ಬಿದ್ದು ನಗುವುದು ಕೇಳಿಸಿತು. ಹೋದ ವರ್ಷ ಇದೇ ದಿನಗಳಲ್ಲಿ ಆ ಅಡುಗೆಮನೆಯಲ್ಲಿ ಸದ್ದೇ ಇರಲಿಲ್ಲ. ಅದು ನೆನಪಾಗಿ ಮುನಿಕೃಷ್ಣಪ್ಪ (ಹೆಂಡತಿಯೇ ಕೈಬಿಟ್ಟ ಬಹುವಚನವನ್ನು ಕಥೆ ಹೇಳುವವರು ಎಷ್ಟು ದೂರ ಹೊರುವುದು?) ಮೇಲೆದ್ದ.

“ಬಂದೆ ಕಣ್ರೀ,” ಅಂದ.